ಪ್ರವಾಸದ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಗಾಳಿಯೇ ಹೆಚ್ಚು

ದೊಡ್ಡವರ ಹತ್ತಿ ಟೀ ಶರ್ಟು ಒಂದಕ್ಕೆ ಸುಮಾರು 200 ಗ್ರಾಂ ತೂಕ. ಹತ್ತಿಯ ಎಳೆ ನೀರಿಗಿಂತ ಒಂದೂವರೆ ಪಟ್ಟು ಸಾಂದ್ರವಾದದ್ದು. ಆ ಲೆಕ್ಕ ಹಿಡಿದರೆ ಇಡೀ ಟೀ ಶರ್ಟಿನ ಹತ್ತಿಗೆ ಬೇಕಾದ ಜಾಗ ಬರೀ 130 ಮಿಲಿಲೀಟರ್, ಒಂದು ಕಾಫಿ ಲೋಟದಷ್ಟು. ಅದೇ ಟೀ ಶರ್ಟನ್ನು ಅಂಗಡಿಯವರ ಹಾಗೆ 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲಕ್ಕೆ ಮಡಚಿಟ್ಟರೆ ಒಂದೂವರೆ ಸೆಂ.ಮೀ. ದಪ್ಪ ಬರುತ್ತದೆ. ಗುಣಿಸಿ ನೋಡಿದರೆ ಒಂದು ಲೀಟರಿಗೂ ಮೀರಿದ ಜಾಗ. ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಎಳೆಗಳ ನಡುವೆ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಸ್ವೆಟರು, ಟರ್ಕಿ ಟವೆಲು, ಜಾಕೆಟ್ಟುಗಳಲ್ಲಿ ಗಾಳಿಯ ಪಾಲು ಇನ್ನೂ ಹೆಚ್ಚು.

ಸೂಟ್‌ಕೇಸಿನಲ್ಲಿ ಜಾಗ ಉಳಿಸುವ ಉಪಾಯಗಳೆಲ್ಲ ಹುಟ್ಟುವುದು ಈ ಗಾಳಿಯಿಂದಲೇ. ಸುರುಳಿ ಸುತ್ತುವುದು, ಚೀಲದಲ್ಲಿ ಒತ್ತುವುದು, ಮೂಲೆಗಳಿಗೆ ಕಾಲುಚೀಲ ತುರುಕುವುದು, ಎಲ್ಲವೂ ಗಾಳಿಯನ್ನು ಹೊರಗೆ ದಬ್ಬುವ ಬಗೆಗಳು. ಆದರೆ ಗಾಳಿಯ ತೂಕ ಲೆಕ್ಕಕ್ಕೆ ಬರುವಷ್ಟಿಲ್ಲ. ಗಾಳಿ ಹೋದರೆ ಜಾಗ ಮಿಗುತ್ತದೆ, ಪೆಟ್ಟಿಗೆ ಹಗುರಾಗುವುದಿಲ್ಲ. ಮಿಕ್ಕ ಜಾಗಕ್ಕೆ ಇನ್ನೆರಡು ಜೊತೆ ಬಟ್ಟೆ ಬಂದು ಕೂತರೆ ಪೆಟ್ಟಿಗೆ ಭಾರವಾಗುತ್ತದೆ. ಆದ್ದರಿಂದ ತೂಕವೆಷ್ಟು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಯಾವ ಬಟ್ಟೆ ಎಂಬುದನ್ನು ಆಮೇಲೆ ನಿರ್ಧರಿಸಿ, ಮಡಚುವ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಸಾಮಾನ್ಯವಾಗಿ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಬೀರುವಿನಿಂದ ಬಟ್ಟೆ ತೆಗೆದು ಮಂಚದ ಮೇಲೆ ರಾಶಿ ಹಾಕಿ, ಅದನ್ನು ಹಿಡಿಸುವುದು ಹೇಗೆ ಎಂದು ಆಮೇಲೆ ತಲೆ ಕೆಡಿಸಿಕೊಳ್ಳುತ್ತಾರೆ.

ದೇಶದೊಳಗಿನ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಒಬ್ಬರಿಗೆ 15 ಕಿಲೋ ಲಗೇಜು, ಕೈಚೀಲಕ್ಕೆ 7 ಕಿಲೋ ಎಂಬುದು ಈಗ ಹೆಚ್ಚುಕಡಿಮೆ ರೂಢಿಯ ಮಿತಿ. ಮಧ್ಯಮ ಗಾತ್ರದ ಸೂಟ್‌ಕೇಸಿನ ಒಳಗಿನ ಜಾಗ ಸುಮಾರು 70 ಲೀಟರ್. ಖಾಲಿ ಪೆಟ್ಟಿಗೆಯೇ ಮೂರರಿಂದ ನಾಲ್ಕು ಕಿಲೋ ತೂಗುತ್ತದೆ. ಟೀ ಶರ್ಟಿನ ಲೆಕ್ಕವನ್ನೇ ಮುಂದುವರಿಸಿದರೆ, ಏನೂ ಒತ್ತದೆ ಸಡಿಲವಾಗಿ ಮಡಚಿ ತುಂಬಿದರೂ ಆ ಪೆಟ್ಟಿಗೆಯಲ್ಲಿ ಹನ್ನೆರಡು ಕಿಲೋ ಬಟ್ಟೆ ಹಿಡಿಯುತ್ತದೆ. ಪೆಟ್ಟಿಗೆಯ ತೂಕ ಸೇರಿದರೆ ಅಲ್ಲಿಗೇ 15 ಕಿಲೋ ಮುಗಿಯಿತು. ಒತ್ತಿ ಒತ್ತಿ ಇದರ ಎರಡರಷ್ಟು ತುಂಬಿದವರು ವಿಮಾನ ನಿಲ್ದಾಣದ ತಕ್ಕಡಿಯ ಮುಂದೆ ಪೆಟ್ಟಿಗೆ ಬಿಚ್ಚಿ ಕೂರಬೇಕಾಗುತ್ತದೆ, ಇಲ್ಲವೇ ಮಿಕ್ಕ ಕಿಲೋಗಳಿಗೆ ದುಡ್ಡು ತೆರಬೇಕಾಗುತ್ತದೆ. ವಿಮಾನದಲ್ಲಿ ಹೋಗುವವರಿಗೆ ಬಟ್ಟೆ ಒತ್ತುವುದರ ನಿಜವಾದ ಲಾಭ ಹೆಚ್ಚು ತುಂಬುವುದರಲ್ಲಿಲ್ಲ. ಅಷ್ಟೇ ಬಟ್ಟೆಯನ್ನು ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸಿ, ದೊಡ್ಡ ಪೆಟ್ಟಿಗೆಯ ತೂಕವನ್ನೂ ಅದನ್ನು ಎಳೆದಾಡುವ ಕಷ್ಟವನ್ನೂ ತಪ್ಪಿಸುವುದರಲ್ಲಿದೆ.

ರೈಲು ಉದಾರಿ. ಮೊದಲ ದರ್ಜೆಯ ಎಸಿಯಲ್ಲಿ 70 ಕಿಲೋ, ಎರಡು ಟಯರಿನ ಎಸಿಯಲ್ಲಿ 50, ಮೂರು ಟಯರಿನ ಎಸಿ ಮತ್ತು ಸ್ಲೀಪರಿನಲ್ಲಿ 40, ಎರಡನೇ ದರ್ಜೆಯಲ್ಲಿ 35 ಕಿಲೋ ತನಕ ಉಚಿತ. ಅಲ್ಲಿ ತೊಡಕಾಗುವುದು ತೂಕವಲ್ಲ, ಅಳತೆ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆ 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಮೀರಬಾರದು ಎಂದು ನಿಯಮ ಹೇಳುತ್ತದೆ. ಮೂರು ಟಯರಿನ ಎಸಿಗೆ ಇದು ಇನ್ನೂ ಚಿಕ್ಕದು, 55, 45 ಮತ್ತು 22.5 ಸೆಂ.ಮೀ. ನಿಯಮವನ್ನು ಯಾರೂ ಟೇಪು ಹಿಡಿದು ಅಳೆಯದಿದ್ದರೂ ಕೆಳಬರ್ತಿನ ಕೆಳಗಿನ ಜಾಗ ತಾನೇ ಅಳೆಯುತ್ತದೆ. ಉಬ್ಬಿದ ಗಟ್ಟಿ ಪೆಟ್ಟಿಗೆ ಅಲ್ಲಿ ತೂರದೆ ದಾರಿಯಲ್ಲಿ ನಿಂತು, ರಾತ್ರಿಯೆಲ್ಲ ಓಡಾಡುವವರ ಕಾಲಿಗೆ ಸಿಗುತ್ತದೆ.

ಕಾರಿನ ಡಿಕ್ಕಿಯ ಕತೆ ಬೇರೆ. ಬೆಂಗಳೂರಿನಿಂದ ಮಡಿಕೇರಿಗೋ ಚಿಕ್ಕಮಗಳೂರಿಗೋ ಸ್ವಂತ ಕಾರಿನಲ್ಲಿ ಹೊರಟವರು ಮೆತ್ತನೆಯ ಚೀಲಗಳನ್ನು ಒಂದರ ಪಕ್ಕ ಒಂದು ಸೇರಿಸಿಕೊಳ್ಳಬಹುದು. ದೆಹಲಿಯಲ್ಲಿ ಇಳಿದು ಬಾಡಿಗೆ ಕಾರು ಹಿಡಿಯುವವರು ನೆನಪಿಡಬೇಕಾದ ಸಂಗತಿಯೊಂದಿದೆ: ಅಲ್ಲಿನ ಬಹುಪಾಲು ಟ್ಯಾಕ್ಸಿಗಳು ಓಡುವುದು ಸಿಎನ್‌ಜಿಯಲ್ಲಿ, ಅದರ ಸಿಲಿಂಡರು ಕೂತಿರುವುದು ಡಿಕ್ಕಿಯಲ್ಲಿ. ನಾಲ್ವರ ನಾಲ್ಕು ಪೆಟ್ಟಿಗೆ ಹಿಡಿಯುತ್ತದೆಂದು ನಂಬಿದ ಕಾರಿನಲ್ಲಿ ಎರಡು ಹಿಡಿದರೆ ಹೆಚ್ಚು. ಮಿಕ್ಕವು ತಲೆಯ ಮೇಲಿನ ಕ್ಯಾರಿಯರಿಗೆ ಹೋಗಬೇಕು, ಕ್ಯಾರಿಯರ್ ಇಲ್ಲದಿದ್ದರೆ ಮಕ್ಕಳ ತೊಡೆಯ ಮೇಲೆ.

ಪೆಟ್ಟಿಗೆಯನ್ನೇ ಆರಿಸುವಾಗಲೂ ಜಾಗದ ಲೆಕ್ಕವಿದೆ. ಒಂದು ಕಾಲಕ್ಕೆ ಕುಟುಂಬದ ಪ್ರಯಾಣವೆಂದರೆ ತಗಡಿನ ಟ್ರಂಕು ಮತ್ತು ಹಾಸಿಗೆ ಸುತ್ತಿದ ಹೋಲ್ಡಾಲ್. ಎತ್ತಲು ಕೂಲಿಯವರಿದ್ದರು, ಪೆಟ್ಟಿಗೆಗೆ ಚಕ್ರ ಬೇಕಿರಲಿಲ್ಲ. ಸೂಟ್‌ಕೇಸಿಗೆ ಚಕ್ರ ಜೋಡಿಸಿದ ಬರ್ನಾರ್ಡ್ ಸ್ಯಾಡೋ ಅವರಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ನಿಲ್ಲಿಸಿ ಎಳೆಯುವ, ಹಿಡಿಕೆ ಮೇಲಕ್ಕೆ ಬರುವ ಇಂದಿನ ಮಾದರಿಯನ್ನು 1980ರ ದಶಕದ ಕೊನೆಯಲ್ಲಿ ರೂಪಿಸಿದವರು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ. ಈ ಸೌಕರ್ಯಕ್ಕೆ ಬೆಲೆಯೂ ಉಂಟು. ಹಿಡಿಕೆಯ ಎರಡು ಕೊಳವೆಗಳು ಪೆಟ್ಟಿಗೆಯ ಒಳಗಿನ ಬೆನ್ನುದ್ದಕ್ಕೂ ಹಾದು ಹೋಗುತ್ತವೆ, ಚಕ್ರದ ಗೂಡುಗಳು ಕೆಳಮೂಲೆಗಳನ್ನು ನುಂಗುತ್ತವೆ. ಮಧ್ಯದಲ್ಲಿ ಎರಡು ಹೋಳಾಗಿ ತೆರೆಯುವ ಗಟ್ಟಿ ಪೆಟ್ಟಿಗೆಯನ್ನು ಹೋಟೆಲಿನ ಚಿಕ್ಕ ಕೋಣೆಯಲ್ಲಿ ಬಿಚ್ಚಲು ಎರಡರಷ್ಟು ನೆಲ ಬೇಕು. ಮೇಲಿನಿಂದ ತೆರೆಯುವ ಬಟ್ಟೆಯ ಪೆಟ್ಟಿಗೆಗೆ ಬೇಡ. ಗಟ್ಟಿ ಪೆಟ್ಟಿಗೆ ಮಳೆ ತಡೆಯುತ್ತದೆ, ಹೊಡೆತ ತಡೆಯುತ್ತದೆ. ಬಟ್ಟೆಯದು ಸ್ವಲ್ಪ ಬಗ್ಗುತ್ತದೆ, ಹೊರಗಡೆ ಜೇಬುಗಳಿರುತ್ತವೆ. ವಿಮಾನಕ್ಕೆ ಗಟ್ಟಿಯದು, ಕಾರು ಮತ್ತು ರೈಲಿಗೆ ಮೆತ್ತನೆಯದು ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು.

ಇನ್ನು ಬಟ್ಟೆಯ ಆಯ್ಕೆ. ಜಾಗದ ಬಹುಪಾಲು ಉಳಿತಾಯ ಆಗುವುದು ಇಲ್ಲಿಯೇ, ಮಡಚುವ ಚಾತುರ್ಯದಲ್ಲಲ್ಲ. ಕರ್ನಾಟಕದ ಕುಟುಂಬಗಳಿಗೆ ಇದರ ಕಠಿಣ ಪರೀಕ್ಷೆ ಡಿಸೆಂಬರ್ ರಜೆಯ ಉತ್ತರ ಭಾರತ ಪ್ರವಾಸ. ದೆಹಲಿ, ಆಗ್ರಾ, ಶಿಮ್ಲಾ, ಮನಾಲಿ ಎಂದು ಎಂಟು ಹತ್ತು ದಿನ. ಬೆಂಗಳೂರಿನ ಚಳಿಗೆ ಒಂದು ತೆಳು ಸ್ವೆಟರ್ ಸಾಕು. ಮನಾಲಿಯ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಚಳಿಯ ಹೆದರಿಕೆಗೆ ಒಬ್ಬೊಬ್ಬರಿಗೂ ಎರಡು ದಪ್ಪ ಸ್ವೆಟರ್, ಒಂದು ಜಾಕೆಟ್, ಒಂದು ಶಾಲು, ಹೊದೆಯಲು ಕಂಬಳಿ ಎಂದು ಇಟ್ಟರೆ ಮೂರು ದೊಡ್ಡ ಪೆಟ್ಟಿಗೆ ಆ ಬಟ್ಟೆಗೇ ಮೀಸಲು.

ದೇಹವನ್ನು ಬೆಚ್ಚಗಿಡುವುದು ಉಣ್ಣೆಯ ದಪ್ಪವಲ್ಲ, ಅದರೊಳಗೆ ಅಲುಗಾಡದೆ ನಿಂತ ಗಾಳಿ. ಪೆಟ್ಟಿಗೆಯಲ್ಲಿ ಕಾಟ ಕೊಡುವ ಅದೇ ಗಾಳಿ ಮೈಮೇಲೆ ಉಪಕಾರಿ. ಒಂದು ದಪ್ಪ ಸ್ವೆಟರಿನ ಬದಲು ಮೂರು ತೆಳು ಪದರ ತೊಟ್ಟರೆ ಪದರಗಳ ನಡುವೆಯೂ ಗಾಳಿ ನಿಲ್ಲುತ್ತದೆ. ಮೈಗೆ ಅಂಟಿದಂತೆ ಒಂದು ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ತೆಳು ಉಣ್ಣೆ, ಹೊರಗೆ ಗಾಳಿ ತೂರದ ಜಾಕೆಟ್. ಮಧ್ಯಾಹ್ನ ಬಿಸಿಲೇರಿದರೆ ಒಂದೊಂದಾಗಿ ಕಳಚಬಹುದು. ದೆಹಲಿಯ ಹಗಲಿಗೆ ನಡುವಿನ ಪದರವೊಂದೇ ಸಾಕಾಗುತ್ತದೆ. ಈ ಲೆಕ್ಕದಲ್ಲಿ ಒಬ್ಬರಿಗೆ ಎರಡು ಜೊತೆ ಥರ್ಮಲ್, ಒಂದು ಫ್ಲೀಸ್, ಒಂದು ಜಾಕೆಟ್. ಜಾಕೆಟ್ಟಂತೂ ಪೆಟ್ಟಿಗೆಗೆ ಹೋಗಲೇಕೂಡದು. ಅದು ಮೈಮೇಲೆ ಅಥವಾ ಕೈಯಲ್ಲಿರಬೇಕು. ದಪ್ಪ ಶೂ, ಜೀನ್ಸು ಕೂಡ ಪ್ರಯಾಣದ ದಿನ ತೊಟ್ಟೇ ಹೊರಡಬೇಕಾದವು. ಒಂದು ಜೀನ್ಸ್ ಪ್ಯಾಂಟು ಆರುನೂರರಿಂದ ಎಂಟುನೂರು ಗ್ರಾಂ ತೂಗುತ್ತದೆ. ನಾಲ್ವರು ತಲಾ ಎರಡೆರಡು ಹೆಚ್ಚುವರಿ ಜೀನ್ಸ್ ಇಟ್ಟುಕೊಂಡರೆ ಐದಾರು ಕಿಲೋ ಅಲ್ಲಿಗೇ ಹೋಯಿತು.

ಹಿಮದಲ್ಲಿ ಆಡಲು ಬೇಕಾಗುವ ಉದ್ದನೆಯ ಕೋಟು, ಗಂಬೂಟುಗಳನ್ನು ಇಲ್ಲಿಂದ ಒಯ್ಯುವ ಅಗತ್ಯವೇ ಇಲ್ಲ. ಮನಾಲಿಯಿಂದ ಸೋಲಂಗ್ ಕಣಿವೆಯ ಕಡೆಗೆ ಹೋಗುವ ದಾರಿಯಲ್ಲಿ ನಂಬರು ಬರೆದುಕೊಂಡ ಬಾಡಿಗೆ ಅಂಗಡಿಗಳ ಸಾಲೇ ಇದೆ. ಬೆಳಿಗ್ಗೆ ತೊಟ್ಟು ಹೋಗಿ ಸಂಜೆ ಮರಳಿಸಿದರಾಯಿತು. ಕಾಶ್ಮೀರದ ಗುಲ್ಮಾರ್ಗಿಗೆ ಹತ್ತುವ ಮುನ್ನ ತಂಗ್‌ಮಾರ್ಗ್‌ನಲ್ಲೂ ಇದೇ ವ್ಯವಸ್ಥೆ. ಬಾಡಿಗೆ ಕೋಟುಗಳು ನೋಡಲು ಚೆನ್ನಾಗಿರುವುದಿಲ್ಲ, ಒಳಗೆ ಹತ್ತಾರು ಜನರ ಬೆವರಿನ ಇತಿಹಾಸವಿರುತ್ತದೆ. ಒಳಗೊಂದು ಪೂರ್ತಿ ತೋಳಿನ ಬಟ್ಟೆ, ಸ್ವಂತದ್ದೇ ಕಾಲುಚೀಲ, ಕೈಗವಸು ಇದ್ದರೆ ಆ ಅಸಹ್ಯವೂ ತಪ್ಪುತ್ತದೆ. ಕಂಬಳಿಯೂ ಬೇಡ. ಹಿಮಾಚಲದ ಹೋಟೆಲುಗಳಲ್ಲಿ ದಪ್ಪ ರಜಾಯಿ ಇದ್ದೇ ಇರುತ್ತದೆ. ಎಸಿ ರೈಲಿನಲ್ಲಿ ಹೊದಿಕೆ, ದಿಂಬು, ಚಾದರ ಕೊಡುತ್ತಾರೆ. ಸ್ಲೀಪರಿನಲ್ಲಿ ಕೊಡುವುದಿಲ್ಲ, ಅಲ್ಲಿಗೆ ಮಾತ್ರ ಮನೆಯದು ಬೇಕು.

ಉಳಿದ ಬಟ್ಟೆಗಳ ವಿಷಯದಲ್ಲಿ ನಿಯಮ ಸರಳ: ಮೇಲಿನದು ಹೆಚ್ಚು, ಕೆಳಗಿನದು ಕಡಿಮೆ. ಪ್ಯಾಂಟು, ಸಲ್ವಾರುಗಳು ದಪ್ಪ, ಬೇಗ ಕೊಳೆ ಕಾಣಿಸವು. ಅಂಗಿ, ಕುರ್ತಾಗಳು ತೆಳು, ಬೇಗ ಬೆವರು ಹಿಡಿಯುತ್ತವೆ. ಒಂದು ಪ್ಯಾಂಟಿಗೆ ಎರಡು ಮೂರು ಅಂಗಿ ಸಾಕು. ಎಲ್ಲ ಅಂಗಿಯೂ ಎಲ್ಲ ಪ್ಯಾಂಟಿಗೂ ಒಪ್ಪುವ ಬಣ್ಣದ್ದಾದರೆ ನಾಲ್ಕು ಅಂಗಿ, ಎರಡು ಪ್ಯಾಂಟಿನಲ್ಲಿ ಎಂಟು ಬಗೆಯ ಜೋಡಿ ಆಗುತ್ತದೆ. ಒಂದೇ ಒಂದು ಅಂಗಿಗೆ ಮಾತ್ರ ಒಪ್ಪುವ ಬಿಳಿ ಪ್ಯಾಂಟು, ಒಂದೇ ಸೀರೆಗೆ ಒಪ್ಪುವ ಚಪ್ಪಲಿ ಮನೆಯಲ್ಲಿರುವುದೇ ಮೇಲು. ಪೆಟ್ಟಿಗೆಯನ್ನು ಉಬ್ಬಿಸುವುದು ಬೇಕಾದ ಬಟ್ಟೆಗಳಲ್ಲ, ‘ಇರಲಿ, ಬೇಕಾದರೂ ಬೇಕಾಗಬಹುದು’ ಎಂದು ಕೊನೆಯ ರಾತ್ರಿ ಸೇರಿಕೊಳ್ಳುವ ಬಟ್ಟೆಗಳು. ಬೇಕಾದೀತೆಂಬ ಅನುಮಾನದ ವಸ್ತು ಹೋಗುವ ಊರಿನ ಪೇಟೆಯಲ್ಲಿ ಸಿಗುವುದಾದರೆ ಅದನ್ನು ಬಿಡಬಹುದು. ಸಿಗದಿದ್ದರೆ, ಉದಾಹರಣೆಗೆ ಅಜ್ಜಿಗೆ ಅಳತೆಯಾಗಿ ಹೊಲಿಸಿದ ರವಿಕೆ, ಒಂದು ಹೆಚ್ಚಿಗೆ ಇಡಲೇಬೇಕು.

ದಿನಕ್ಕೊಂದು ಜೊತೆ ಎಂಬ ಲೆಕ್ಕ ಮುರಿಯುವುದು ಒಗೆತದಿಂದ. ಎಂಟು ದಿನದ ಪ್ರವಾಸದ ನಡುವೆ ಒಮ್ಮೆ ಒಗೆದರೆ ನಾಲ್ಕು ಜೊತೆ ಸಾಕು. ಆದರೆ ಒಗೆದದ್ದು ಒಣಗಬೇಕಲ್ಲ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವ ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧವನ್ನೂ ಹಿಡಿಯದು. ಒಗೆದಾಗ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಪಾಲಿಯೆಸ್ಟರ್ ಬನಿಯನ್ನು ಫ್ಯಾನಿನ ಕೆಳಗೆ ರಾತ್ರಿ ಕಳೆಯುವುದರಲ್ಲಿ ಒಣಗುತ್ತದೆ, ಜೀನ್ಸು ಎರಡು ದಿನವಾದರೂ ಸೊಂಟದ ಪಟ್ಟಿಯಲ್ಲಿ ಹಸಿಯಾಗಿರುತ್ತದೆ. ಊರೂ ಮುಖ್ಯ. ಏಪ್ರಿಲ್‌ನ ಹಂಪಿಯಲ್ಲಿ ಯಾವ ಬಟ್ಟೆಯಾದರೂ ಬೇಗ ಒಣಗುತ್ತದೆ; ಜುಲೈನ ಆಗುಂಬೆಯಲ್ಲೋ ಕಾರವಾರದಲ್ಲೋ ಒಣಬಟ್ಟೆಯೇ ಥಂಡಿ ಹಿಡಿಯುತ್ತದೆ. ಮಳೆಗಾಲದ ಮಲೆನಾಡಿಗೆ ಹೊರಟವರು ಒಗೆದು ಒಣಗಿಸುವ ಆಸೆ ಬಿಟ್ಟು, ತೆಳುವಾದ ಬಟ್ಟೆಗಳನ್ನೇ ಒಂದೆರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ. ಒದ್ದೆ ಬಟ್ಟೆಯನ್ನು ಬೇಗ ಒಣಗಿಸಲು ಇರುವ ಒಂದು ಉಪಾಯವೆಂದರೆ ಹಿಂಡಿದ ಮೇಲೆ ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಒಟ್ಟಿಗೆ ಸುತ್ತಿ, ಸುರುಳಿಯನ್ನು ಕಾಲಿನಿಂದ ತುಳಿಯುವುದು. ಕೈಗೆ ಬಾರದ ನೀರೆಲ್ಲ ಟವೆಲಿಗೆ ಹೋಗುತ್ತದೆ.

ಟವೆಲಿನ ಮಾತು ಬಂದದ್ದರಿಂದ ಹೇಳಬೇಕು, ಜಾಗ ತಿನ್ನುವುದರಲ್ಲಿ ಟರ್ಕಿ ಟವೆಲಿನಷ್ಟು ಹೊಟ್ಟೆಬಾಕ ಇನ್ನೊಂದಿಲ್ಲ. ಚದರ ಮೀಟರಿಗೆ 450 ಗ್ರಾಂ ತೂಗುವ ಸಾಧಾರಣ ಟವೆಲು, 70 ಸೆಂ.ಮೀ. ಅಗಲ 140 ಸೆಂ.ಮೀ. ಉದ್ದದ್ದಾದರೆ, ಒಂದಕ್ಕೇ ಹೆಚ್ಚುಕಡಿಮೆ ಅರ್ಧ ಕಿಲೋ. ಅದರ ಜಾಗದಲ್ಲಿ ಎರಡು ಮೂರು ಪಾಣಿಪಂಚೆ ಕೂರುತ್ತವೆ. ತೆಳು ನೇಯ್ಗೆಯ ಹತ್ತಿ ಪಂಚೆ ಮೈ ಒರೆಸುತ್ತದೆ, ಗಂಟೆಯೊಳಗೆ ಒಣಗುತ್ತದೆ, ರೈಲಿನ ಸೀಟಿನ ಮೇಲೆ ಹಾಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಪೆಟ್ಟಿಗೆಯಲ್ಲಿ ಎರಡು ರೇಷ್ಮೆ ಸೀರೆಗಳ ನಡುವೆ ಇಡಬಹುದು. ಹೋಟೆಲುಗಳಲ್ಲಿ ಟವೆಲು ಕೊಡುವ ಈ ಕಾಲದಲ್ಲಿ ಪ್ರವಾಸಕ್ಕೆ ಟರ್ಕಿ ಟವೆಲು ಹೊರುವುದಕ್ಕೆ ಕಾರಣವೇ ಕಾಣದು.

ದಕ್ಷಿಣದ ದೇವಸ್ಥಾನಗಳ ಪ್ರವಾಸವಾದರೆ ಉಡುಪಿನ ಕಟ್ಟುಪಾಡುಗಳೂ ಲೆಕ್ಕಕ್ಕೆ ಬರಬೇಕು. ಗುರುವಾಯೂರು, ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಗಳಲ್ಲಿ ಗಂಡಸರು ಪಂಚೆ ಉಟ್ಟೇ ಒಳಗೆ ಹೋಗಬೇಕು. ಮನೆಯ ಗಂಡಸರಿಗೆ ತಲಾ ಒಂದು ಪಂಚೆ ಸಾಕು, ಒಂದು ದೇವಸ್ಥಾನಕ್ಕೆ ಒಂದರಂತೆ ಬೇಡ. ಹೆಂಗಸರ ಸೀರೆಯ ವಿಚಾರದಲ್ಲಿ ಬಟ್ಟೆಯ ಜಾತಿ ನೋಡಬೇಕು. ಐದೂವರೆ ಮೀಟರ್ ಉದ್ದದ ಗಂಜಿ ಹಾಕಿದ ಹತ್ತಿ ಸೀರೆ ಪೆಟ್ಟಿಗೆಯಲ್ಲಿ ಒಂದು ಮಗ್ಗಿಪುಸ್ತಕದಷ್ಟು ಚಿಕ್ಕದಾಗಿ ಕೂತಂತೆ ಕಂಡರೂ ಹೊರಬರುವಾಗ ಮುದುಡಿರುತ್ತದೆ, ಇಸ್ತ್ರಿಯಿಲ್ಲದೆ ಉಡಲಾಗದು. 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಿಂದ ಇಂದಿಗೂ ಬರುತ್ತಿರುವ ಕ್ರೇಪ್ ರೇಷ್ಮೆಯ ಗುಣವೇ ಬೇರೆ. ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವುದರಿಂದ ಆ ಬಟ್ಟೆ ಜಾರಿ ಬೀಳುತ್ತದೆ, ಸುಕ್ಕು ನಿಲ್ಲುವುದಿಲ್ಲ, ಜಾಗವೂ ಸ್ವಲ್ಪ ಸಾಕು. ಮದುವೆಗೆ ಹೋಗುವ ಪ್ರವಾಸದಲ್ಲಿ ಭಾರೀ ಜರಿಯ ಕಂಚಿ ಸೀರೆ ಅನಿವಾರ್ಯವಾದರೆ ಅದನ್ನು ಒತ್ತಬಾರದು, ಗಾಳಿ ತೆಗೆದು ಮುಚ್ಚುವ ನಿರ್ವಾತ ಚೀಲಕ್ಕಂತೂ ಹಾಕಲೇಬಾರದು. ಒಂದೇ ಮಡಿಕೆಯ ಗೆರೆಯಲ್ಲಿ ಒತ್ತಡ ಬಿದ್ದರೆ ಜರಿಯ ಎಳೆ ಮುರಿಯುತ್ತದೆ, ರೇಷ್ಮೆ ಸೀಳುತ್ತದೆ. ಮಡಿಕೆಯೊಳಗೆ ಮೆತ್ತನೆಯ ಹತ್ತಿ ಬಟ್ಟೆ ಇಟ್ಟು, ಪೆಟ್ಟಿಗೆಯ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಇಡಬೇಕು.

ಈಗ ಮಡಚುವ ಕೆಲಸ. ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ ಎಂಬುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ಇದು ಅರ್ಧ ಸತ್ಯ. ಸುರುಳಿಯಾದ ಮಾತ್ರಕ್ಕೆ ಬಟ್ಟೆ ಕುಗ್ಗುವುದಿಲ್ಲ. ಸುತ್ತುವಾಗ ಕೈ ಕೊಡುವ ಬಿಗಿಯಿಂದ ಗಾಳಿ ಹೊರಹೋಗುತ್ತದೆ, ಅಷ್ಟೆ. ಸಡಿಲವಾಗಿ ಸುತ್ತಿದ ಸುರುಳಿ ಚೆನ್ನಾಗಿ ಒತ್ತಿ ಮಡಚಿದ್ದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಗಣಿತವೂ ಸುರುಳಿಯ ಪರವಾಗಿಲ್ಲ. ಗಟ್ಟಿಯಾದ ದುಂಡನೆಯ ಕೊಳವೆಗಳನ್ನು ಚೌಕಾಕಾರದಲ್ಲಿ ಜೋಡಿಸಿದರೆ ಡಬ್ಬಿಯ ಶೇಕಡಾ 78.5 ಭಾಗ ಮಾತ್ರ ತುಂಬುತ್ತದೆ. ಒಂದರ ಸಂದಿಯಲ್ಲಿ ಇನ್ನೊಂದು ಕೂರುವಂತೆ ಜೋಡಿಸಿದರೂ ಶೇಕಡಾ 90.7 ಮೀರದು. ಬಟ್ಟೆಯ ಸುರುಳಿಗಳು ಮೆತ್ತಗಿದ್ದು, ಒಂದಕ್ಕೊಂದು ಒತ್ತಿ ಚಪ್ಪಟೆಯಾಗುವುದರಿಂದ ಮಾತ್ರ ಈ ನಷ್ಟ ತಪ್ಪುತ್ತದೆ. ಸುರುಳಿಯ ನಿಜವಾದ ಲಾಭ ಬೇರೆ ಎರಡು: ಚೂಪಾದ ಮಡಿಕೆ ಬೀಳದ ಕಾರಣ ಸುಕ್ಕು ಕಡಿಮೆ, ಸಾಲಾಗಿ ನಿಲ್ಲಿಸಿದಾಗ ಎಲ್ಲ ಬಟ್ಟೆಯೂ ಕಣ್ಣಿಗೆ ಕಾಣುತ್ತದೆ. ಒಂದು ಅಂಗಿಗಾಗಿ ಇಡೀ ಪೆಟ್ಟಿಗೆ ಕೆದಕುವುದು ತಪ್ಪುತ್ತದೆ.

ಟೀ ಶರ್ಟನ್ನು ಬಿಗಿಯಾಗಿ ಸುತ್ತಲು ಸೈನಿಕರ ನಡುವೆ ಬಳಕೆಯಲ್ಲಿರುವ ವಿಧಾನವೊಂದಿದೆ. ಬಟ್ಟೆಯನ್ನು ಚಪ್ಪಟೆಯಾಗಿ ಹಾಸಿ, ಕೆಳಅಂಚನ್ನು ನಾಲ್ಕು ಬೆರಳಿನಷ್ಟು ಹೊರಮುಖವಾಗಿ ಮೇಲಕ್ಕೆ ಮಡಚಬೇಕು. ಎರಡೂ ತೋಳುಗಳನ್ನು ಒಳಗೆ ಮಡಚಿ, ಅಗಲವನ್ನು ಮೂರರಲ್ಲಿ ಒಂದಕ್ಕೆ ಇಳಿಸಬೇಕು. ಅಂಗೈಯಿಂದ ಉಜ್ಜಿ ಗಾಳಿ ಹೊರಡಿಸಿ, ಕತ್ತಿನ ಕಡೆಯಿಂದ ಬಿಗಿಯಾಗಿ ಸುತ್ತುತ್ತಾ ಬರಬೇಕು. ಕೊನೆಗೆ ಮೊದಲು ಮಡಚಿಟ್ಟ ಅಂಚನ್ನು ಹಿಂದುಮುಂದಾಗಿ ತಿರುವಿ ಸುರುಳಿಯ ಮೇಲೆ ಹೊದಿಸಿದರೆ ಅದೇ ಗವಸಾಗುತ್ತದೆ, ಎತ್ತಿ ಎಸೆದರೂ ಬಿಚ್ಚಿಕೊಳ್ಳದು. ಲೆಗ್ಗಿಂಗ್ಸ್, ರಾತ್ರಿ ಉಡುಪು, ಮಕ್ಕಳ ಚಡ್ಡಿ, ಥರ್ಮಲ್‌ಗಳಿಗೂ ಇದು ಒಗ್ಗುತ್ತದೆ. ಕಾಲರಿನ ಅಂಗಿ, ಕಸೂತಿ ಮಾಡಿದ ಕುರ್ತಾ, ಕೋಟುಗಳಿಗೆ ಒಗ್ಗದು. ಅವನ್ನು ಕಟ್ಟಿನಂತೆ ಸುತ್ತುವುದು ವಾಸಿ. ಒಂದರ ಮೇಲೊಂದು ಹರಡಿ, ನಡುವೆ ಒಳಉಡುಪಿನ ಗಂಟಿಟ್ಟು, ತೋಳು ಮತ್ತು ಅಂಚುಗಳನ್ನು ಅದರ ಸುತ್ತ ಹೊದಿಸುತ್ತಾ ಬಂದರೆ ಎಲ್ಲೂ ಗೆರೆ ಬೀಳದು. ತೊಂದರೆ ಇಷ್ಟೇ: ಒಳಗಿನ ಒಂದು ಅಂಗಿ ಬೇಕೆಂದರೆ ಇಡೀ ಕಟ್ಟು ಬಿಚ್ಚಬೇಕು. ಒಂದೇ ಊರಿನಲ್ಲಿ ತಂಗುವವರಿಗೆ ಸರಿ, ದಿನಕ್ಕೊಂದು ಹೋಟೆಲು ಬದಲಿಸುವವರಿಗಲ್ಲ.

ತುಂಬುವಾಗ ಮೊದಲು ನೋಡಬೇಕಾದದ್ದು ಪೆಟ್ಟಿಗೆಯ ತಳ. ಹಿಡಿಕೆಯ ಕೊಳವೆಗಳಿಂದಾಗಿ ಅಲ್ಲಿ ಮೂರು ಉದ್ದನೆಯ ಕಾಲುವೆಗಳಾಗಿರುತ್ತವೆ. ಮೇಲೆ ಸೀದಾ ಬಟ್ಟೆ ಹಾಸಿದರೆ ಅವು ಖಾಲಿಯೇ ಉಳಿಯುತ್ತವೆ. ಕಾಲುಚೀಲ, ಒಳಉಡುಪು, ಮಕ್ಕಳ ಬನಿಯನ್ನುಗಳ ಸಣ್ಣ ಸುರುಳಿಗಳನ್ನು ಈ ಕಾಲುವೆಗಳಲ್ಲಿ ಜೋಡಿಸಿ ತಳವನ್ನು ಮಟ್ಟ ಮಾಡಿದರೆ ಮೂರ್ನಾಲ್ಕು ಲೀಟರು ಜಾಗ ಪುಕ್ಕಟೆ ಸಿಕ್ಕಂತೆ. ಪೆಟ್ಟಿಗೆ ನಿಂತಾಗ ಚಕ್ರದ ಕಡೆ ಕೆಳಗಾಗುತ್ತದೆ. ಶೂ, ಜೀನ್ಸು, ಶೌಚ ಸಾಮಗ್ರಿಯ ಚೀಲ ಆ ಕಡೆಗೇ ಇರಬೇಕು. ಇಲ್ಲದಿದ್ದರೆ ಎಳೆಯುವಾಗ ಅವು ಜಾರಿ ಬಂದು ಕೆಳಗಿನ ಬಟ್ಟೆಯನ್ನು ಹಿಸುಕುತ್ತವೆ. ಶೂಗಳ ಒಳಗೂ ಜಾಗವಿದೆ. ಅದರಲ್ಲಿ ಕಾಲುಚೀಲ ತುಂಬಿ, ಒಂದು ಹಳೆಯ ಬಟ್ಟೆಚೀಲದಲ್ಲಿ ಒಂದರ ಹಿಮ್ಮಡಿಗೆ ಇನ್ನೊಂದರ ತುದಿ ಬರುವಂತೆ ಇಟ್ಟರೆ ಸಾಕು. ಬೆಲ್ಟನ್ನು ಸುತ್ತಿಡುವ ಬದಲು ಪೆಟ್ಟಿಗೆಯ ಒಳಅಂಚಿನ ಸುತ್ತ ಹಾಸಬಹುದು. ಪ್ಯಾಂಟುಗಳನ್ನು ಉದ್ದಕ್ಕೆ ಹಾಸಿ, ಅರ್ಧ ಹೊರಗೆ ಬಿಟ್ಟು, ಮೇಲೆ ಉಳಿದ ಬಟ್ಟೆ ಇಟ್ಟು, ಕೊನೆಗೆ ಹೊರಗಿನರ್ಧವನ್ನು ಹೊದಿಸಿದರೆ ಮಂಡಿಯ ಬಳಿ ಚೂಪಾದ ಮಡಿಕೆ ಬೀಳುವುದಿಲ್ಲ.

ಚೀಲಗಳಲ್ಲಿ ಎರಡು ಬಗೆ. ಜಿಪ್ ಇರುವ ಬಲೆಬಟ್ಟೆಯ ಚೌಕ ಚೀಲಗಳು ಜಾಗ ಉಳಿಸುವುದಕ್ಕಿಂತ ವ್ಯವಸ್ಥೆಗೆ ಹೆಚ್ಚು ಉಪಯೋಗಿ. ಮನೆಯ ಒಬ್ಬೊಬ್ಬರಿಗೆ ಒಂದು ಬಣ್ಣದ ಚೀಲವಿದ್ದರೆ ಬೆಳಿಗ್ಗೆ ನಾಲ್ವರೂ ಒಂದೇ ಪೆಟ್ಟಿಗೆಗೆ ಕೈ ಹಾಕಿ ಎಲ್ಲವನ್ನೂ ಹರಡುವುದು ತಪ್ಪುತ್ತದೆ. ಇವುಗಳಲ್ಲೇ ಎರಡನೇ ಜಿಪ್ ಎಳೆದರೆ ಒತ್ತಿಕೊಳ್ಳುವ ಮಾದರಿಯೂ ಇದೆ, ಅದು ತಕ್ಕಮಟ್ಟಿಗೆ ಗಾಳಿ ತೆಗೆಯುತ್ತದೆ. ಎರಡನೆಯ ಬಗೆ, ಪ್ಲಾಸ್ಟಿಕ್ಕಿನ ನಿರ್ವಾತ ಚೀಲ. ಫ್ಲೀಸ್, ಸ್ವೆಟರ್, ಮಕ್ಕಳ ಜಾಕೆಟ್ಟುಗಳ ಗಾತ್ರವನ್ನು ಇದು ಅರ್ಧಕ್ಕೂ ಕೆಳಗೆ ಇಳಿಸುತ್ತದೆ; ತೆಳು ಅಂಗಿಗಳ ಮೇಲೆ ಅಷ್ಟೇನೂ ಪರಿಣಾಮವಿಲ್ಲ, ಸುಕ್ಕು ಮಾತ್ರ ಬೀಳುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬೇಡುವ ಚೀಲವನ್ನು ಪ್ರವಾಸಕ್ಕೆ ಒಯ್ಯಬಾರದು, ಹೋಟೆಲಿನಲ್ಲಿ ಆ ಯಂತ್ರ ಸಿಗುವುದಿಲ್ಲ. ಹೋಗುವಾಗ ಹಿಡಿದದ್ದು ಬರುವಾಗ ಹಿಡಿಯದು. ಕೈಯಿಂದ ಸುರುಳಿ ಸುತ್ತಿ ಗಾಳಿ ಬಿಡುವ ಮಾದರಿ ವಾಸಿ. ಈ ಚೀಲಗಳನ್ನು ಹೊರಗಿನಿಂದ ಒತ್ತಿ ಹಿಡಿದಿರುವುದು ವಾತಾವರಣದ ಒತ್ತಡವೇ ಆದ್ದರಿಂದ, ಘಟ್ಟ ಹತ್ತಿದಂತೆ ಒತ್ತಡ ಇಳಿದು ಅವು ಒಂದಿಷ್ಟು ಉಬ್ಬಿಕೊಳ್ಳುತ್ತವೆ. ಲೇಹ್‌ನಲ್ಲಿ ಚಿಪ್ಸ್ ಪೊಟ್ಟಣ ಊದಿಕೊಳ್ಳುವುದೂ ಇದೇ ಕಾರಣಕ್ಕೆ. ಬಟ್ಟೆ ಪೂರ್ತಿ ಒಣಗಿರಬೇಕೆಂಬುದು ಎಲ್ಲಕ್ಕಿಂತ ಮುಖ್ಯ. ಎಳ್ಳಷ್ಟು ಹಸಿ ಇದ್ದರೂ ಮುಗ್ಗುಲು ವಾಸನೆ ಖಂಡಿತ.

ಮಕ್ಕಳ ಬಟ್ಟೆಯನ್ನು ಜೊತೆಜೊತೆಯಾಗಿ ಸುತ್ತುವುದು ಒಳ್ಳೆಯದು. ಅಂಗಿಯ ಮೇಲೆ ಚಡ್ಡಿ, ಅದರ ಮೇಲೆ ಒಳಚಡ್ಡಿ ಮತ್ತು ಕಾಲುಚೀಲ ಇಟ್ಟು ಒಂದೇ ಸುರುಳಿ ಮಾಡಿದರೆ ದಿನಕ್ಕೊಂದು ಸುರುಳಿ. ಅಪ್ಪನೇ ತೊಡಿಸಲಿ, ಅಜ್ಜಿಯೇ ತೊಡಿಸಲಿ, ಹುಡುಕಾಟವಿಲ್ಲ. ಚಿಕ್ಕ ಮಕ್ಕಳು ದಿನಕ್ಕೆ ಒಂದೇ ಜೊತೆಯಲ್ಲಿ ಮುಗಿಸುವವರಲ್ಲ. ಅವರ ಮಟ್ಟಿಗೆ ಕಡಿತದ ನಿಯಮ ಸಡಿಲಿಸಬೇಕು. ಅವರ ಬಟ್ಟೆ ಚಿಕ್ಕದಾದ್ದರಿಂದ ನಷ್ಟವೂ ಹೆಚ್ಚಿಲ್ಲ. ಜಾಗ ತಿನ್ನುವುದು ಡೈಪರು. ಎರಡು ದಿನಕ್ಕಾಗುವಷ್ಟು ಇಟ್ಟುಕೊಂಡು ಉಳಿದದ್ದನ್ನು ಹೋದ ಊರಿನಲ್ಲೇ ಕೊಳ್ಳಬಹುದು.

ವಿಮಾನದಲ್ಲಿ ಎರಡು ಪೆಟ್ಟಿಗೆ ಹಾಕುವ ಕುಟುಂಬ ಒಬ್ಬರ ಬಟ್ಟೆಯನ್ನೆಲ್ಲ ಒಂದರಲ್ಲೇ ಇಡಬಾರದು. ಒಂದು ಪೆಟ್ಟಿಗೆ ಬೇರೆ ಊರಿಗೆ ಹೋಗಿಬಿಟ್ಟರೆ ಇನ್ನೊಂದರಲ್ಲಿ ಎಲ್ಲರಿಗೂ ಒಂದೊಂದು ಜೊತೆ ಇರಬೇಕು. ಕೈಚೀಲದಲ್ಲೂ ಒಂದು ದಿನಕ್ಕಾಗುವಷ್ಟು ಒಳಉಡುಪು, ಔಷಧ ಇರಲಿ. ಎರಡು ರಾತ್ರಿಯ ರೈಲು ಪ್ರಯಾಣವಾದರೆ ದಾರಿಯಲ್ಲಿ ಬೇಕಾಗುವ ಬಟ್ಟೆ ಬೇರೆ ಸಣ್ಣ ಚೀಲದಲ್ಲಿದ್ದರೆ ಬರ್ತಿನ ಕೆಳಗಿನ ಪೆಟ್ಟಿಗೆ ಎಳೆಯುವ ಕೆಲಸವಿಲ್ಲ. ತುಂಬಿದ ಮೇಲೆ ತೂಕ ನೋಡಲು ಕೊಕ್ಕೆಯ ಪುಟ್ಟ ತಕ್ಕಡಿ ಸಿಗುತ್ತದೆ. ಮನೆಯಲ್ಲಿ ಆಳು ತೂಗುವ ಯಂತ್ರವಿದ್ದರೆ ಪೆಟ್ಟಿಗೆ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ನಿಂತು ಕಳೆದರೂ ಲೆಕ್ಕ ಸಿಗುತ್ತದೆ.

ಹೊರಡುವಾಗ ಪೆಟ್ಟಿಗೆಯ ಕಾಲುಭಾಗ ಖಾಲಿ ಇದ್ದರೆ ಅದು ಸರಿಯಾಗಿ ತುಂಬಿದ ಪೆಟ್ಟಿಗೆ. ವಾಪಸು ಬರುವಾಗ ಕುಲ್ಲುವಿನ ಶಾಲು, ಆಗ್ರಾದ ಪೇಠಾ, ನೆಂಟರಿಗೆಂದು ಕೊಂಡ ಒಣಹಣ್ಣು ಬಂದು ಸೇರುತ್ತವೆ. ಅದೇ ಬಟ್ಟೆಯೂ ಬರುವಾಗ ಹೆಚ್ಚು ಜಾಗ ಕೇಳುತ್ತದೆ, ಏಕೆಂದರೆ ಕೊಳೆ ಬಟ್ಟೆಯನ್ನು ಯಾರೂ ಮಡಚುವುದಿಲ್ಲ, ಮುದ್ದೆ ಮಾಡಿ ತುರುಕುತ್ತಾರೆ. ಅದನ್ನೂ ಹೋಗುವಾಗಿನಷ್ಟೇ ಬಿಗಿಯಾಗಿ ಸುತ್ತಿ, ಬೇರೆ ಚೀಲದಲ್ಲಿ ಹಾಕಿ ತಳಕ್ಕೆ ಇಡಬೇಕು. ಖಾಲಿಯಾದ ನಿರ್ವಾತ ಚೀಲ ಈಗ ಇದಕ್ಕೇ ಉಪಯೋಗ. ಒದ್ದೆ ಹತ್ತಿ ಬಟ್ಟೆ ಒಣಗಿದ್ದರ ಎರಡರಷ್ಟು ತೂಗಬಹುದು, ಆದ್ದರಿಂದ ಹೊರಡುವ ಹಿಂದಿನ ಸಂಜೆ ಏನನ್ನೂ ಒಗೆಯಬಾರದು. ಮಡಚಿದರೆ ಅಂಗೈಯಷ್ಟಾಗುವ ನೈಲಾನ್ ಚೀಲವೊಂದು ಮೊದಲೇ ಜೊತೆಗಿದ್ದರೆ ಖರೀದಿಗೆ ಹೊಸ ಪೆಟ್ಟಿಗೆ ಕೊಳ್ಳುವ ಪ್ರಸಂಗ ಬಾರದು. ಮನೆ ತಲುಪಿದ ದಿನವೇ ನಿರ್ವಾತ ಚೀಲಗಳನ್ನು ಬಿಚ್ಚಬೇಕು. ಒತ್ತಿದಂತೆಯೇ ತಿಂಗಳುಗಟ್ಟಲೆ ಬಿಟ್ಟರೆ ಜಾಕೆಟ್ಟಿನ ತುಂಬು ಮತ್ತೆ ಉಬ್ಬದೆ ಅದರ ಬಿಸುಪು ಕಡಿಮೆಯಾಗುತ್ತದೆ. ಉಣ್ಣೆ ಬಟ್ಟೆಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ, ರೇಷ್ಮೆ ಸೀರೆಗಳನ್ನು ಹಿಂದಿನ ಗೆರೆ ಬಿಟ್ಟು ಬೇರೆ ಕಡೆ ಮಡಚಿ ಬೀರುವಿಗೆ ಸೇರಿಸಬೇಕು.